ಹೊಸ ಆರ್‌ಸಿ ಟ್ರಾನ್ಸ್‌ಮಿಟರ್ ಪರೀಕ್ಷಿಸುವ ಬಗೆ: ಮೊದಲು ಮೇಜು, ಆಮೇಲೆ ಮೈದಾನ

ಆರ್‌ಸಿ, ಅಂದರೆ ರೇಡಿಯೋದಿಂದ ನಿಯಂತ್ರಿಸುವ ಆಟದ ಕಾರಿಗೆ ಹೊಸ ಟ್ರಾನ್ಸ್‌ಮಿಟರ್ ಕೈಗೆ ಬಂದ ಕೂಡಲೇ ಅದನ್ನು ಕಾರಿನೊಳಗೆ ಸಿಗ್ನಲ್ ಹಿಡಿಯುವ ರಿಸೀವರಿಗೆ ಬೈಂಡ್ ಮಾಡಿ (ಜೊತೆಗೂಡಿಸಿ), ಕಾರನ್ನು ನೆಲಕ್ಕಿಟ್ಟು, ಟ್ರಿಗರ್ ಎಳೆದು ನೋಡುವ ಆಸೆ ಯಾರಿಗಾದರೂ ಬರುತ್ತದೆ. ಆದರೆ 1:10 ಅಳತೆಯ ಕಾರು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಸಿಗ್ನಲ್ ಅರ್ಧ ಸೆಕೆಂಡ್ ಕೈಕೊಟ್ಟರೂ ಐದಾರು ಮೀಟರ್ ದೂರ ಆ ಕಾರು ಯಾರ ಹಿಡಿತದಲ್ಲೂ ಇರುವುದಿಲ್ಲ. ಆದ್ದರಿಂದ ಅಗ್ಗದ ಟ್ರಾನ್ಸ್‌ಮಿಟರ್ ಒಂದನ್ನು ನಂಬಬಹುದೇ ಎಂಬುದನ್ನು ತೀರ್ಮಾನಿಸುವ ಮುಕ್ಕಾಲು ಕೆಲಸ ಮೇಜಿನ ಮೇಲೆ, ಚಕ್ರಗಳು ನೆಲ ಬಿಟ್ಟು ಮೇಲಿರುವಾಗಲೇ ಮುಗಿಯಬೇಕು.

ಇಲ್ಲಿ ಹೇಳಿರುವುದು ಪಿಸ್ತೂಲಿನ ಆಕಾರದ, 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಮೂರರಿಂದ ಆರು ಚಾನೆಲ್ ಇರುವ ಆರಂಭಿಕ ಹಂತದ ಟ್ರಾನ್ಸ್‌ಮಿಟರ್‌ಗಳ ಬಗ್ಗೆ. ಫ್ಲೈಸ್ಕೈ, ರೇಡಿಯೋಲಿಂಕ್ ಅಥವಾ ಇನ್ಯಾವುದೇ ಕಂಪನಿಯದಾಗಲಿ, ಮೆನುವಿನ ಹೆಸರುಗಳು ಬದಲಾಗಬಹುದು, ಒಳಗಿನ ಕೆಲಸ ಒಂದೇ. ಕೊಳ್ಳುವ ಮೊದಲೇ ಒಂದು ಮಾತು: ಸ್ಟೀರಿಂಗ್‌ನ ಎಡಕ್ಕೂ ಬಲಕ್ಕೂ ಬೇರೆಬೇರೆ ಮಿತಿ ಹಾಕಲು ಬಾರದ, ಫೇಲ್‌ಸೇಫ್ (ಸಿಗ್ನಲ್ ಕಡಿದಾಗ ಕಾರು ಏನು ಮಾಡಬೇಕೆಂಬ ಸೂಚನೆ) ಹೊಂದಿಸಲು ಬಾರದ ಟ್ರಾನ್ಸ್‌ಮಿಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಇವೆರಡು ಇದ್ದರೆ ಪರದೆ ಚಿಕ್ಕದಿದ್ದರೂ, ಪ್ಲಾಸ್ಟಿಕ್ ಸಾಧಾರಣವಾಗಿದ್ದರೂ ಹೊಂದಿಕೊಂಡು ಹೋಗಬಹುದು.

ನಿಮ್ಮ ಕಾರಿಗೆ ಇದು ಹೊಂದುತ್ತದೆಯೇ

ಕಾರಿನ ಬಾಡಿ ತೆಗೆದು, ಮುಂದಿನ ಚಕ್ರಗಳನ್ನು ಎಡ ಬಲಕ್ಕೆ ತಿರುಗಿಸುವ ಸ್ಟೀರಿಂಗ್ ಸರ್ವೋದಿಂದ ಹೊರಡುವ ತಂತಿಗಳನ್ನು ಎಣಿಸಿ. ಮೂರು ಇದ್ದರೆ ಸರಿ. ಐದು ಇದ್ದರೆ ಆ ಸರ್ವೋದೊಳಗೆ ಮೋಟಾರು, ಗೇರು ಮತ್ತು ಪೊಟೆನ್ಶಿಯೋಮೀಟರ್ ಮಾತ್ರ ಇವೆ, ಅದನ್ನು ನಡೆಸುವ ಸರ್ಕ್ಯೂಟ್ ಕಾರಿನ ಬೋರ್ಡಿನಲ್ಲಿದೆ ಎಂದರ್ಥ. ಅಂಥ ಕಾರುಗಳಲ್ಲಿ ರಿಸೀವರ್ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಸಾಮಾನ್ಯವಾಗಿ ಒಂದೇ ಬೋರ್ಡಿನಲ್ಲಿರುತ್ತವೆ. ಆಗ ಟ್ರಾನ್ಸ್‌ಮಿಟರ್ ಒಂದನ್ನೇ ಬದಲಿಸಲು ಬರುವುದಿಲ್ಲ. ಪ್ರತ್ಯೇಕ ಇಎಸ್‌ಸಿ ಮತ್ತು ಮೂರು ತಂತಿಯ ಸರ್ವೋ ಎರಡನ್ನೂ ಕೊಳ್ಳಬೇಕಾಗುತ್ತದೆ. ಇದನ್ನು ನೋಡದೆ ಟ್ರಾನ್ಸ್‌ಮಿಟರ್ ತರಿಸಿಕೊಂಡವರು ಅದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯದು ರಿಸೀವರ್. ಎಲ್ಲವೂ 2.4 ಗಿಗಾಹರ್ಟ್ಸ್ ಎಂದ ಮಾತ್ರಕ್ಕೆ ಒಂದಕ್ಕೊಂದು ಮಾತಾಡುವುದಿಲ್ಲ. ಫ್ಲೈಸ್ಕೈಯ ಎಎಫ್‌ಎಚ್‌ಡಿಎಸ್ 2ಎ, ಫುಟಾಬಾದ ಟಿ-ಎಫ್‌ಎಚ್‌ಎಸ್‌ಎಸ್, ಸ್ಪೆಕ್ಟ್ರಮ್‌ನ ಡಿಎಸ್‌ಎಂಆರ್, ಹೀಗೆ ಪ್ರತಿ ಕಂಪನಿಗೂ ತನ್ನದೇ ಪ್ರೋಟೋಕಾಲ್ ಇದೆ. ಒಂದೇ ಕಂಪನಿಯೊಳಗೂ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗದಿರಬಹುದು. ಕಾರಿನಲ್ಲಿರುವ ರಿಸೀವರನ್ನು ಹಾಗೆಯೇ ಬಿಟ್ಟು ಹೊಸ ಟ್ರಾನ್ಸ್‌ಮಿಟರ್‌ಗೆ ಬೈಂಡ್ ಮಾಡಲು ಹೆಣಗಬೇಡಿ. ಪೆಟ್ಟಿಗೆಯಲ್ಲಿ ಬಂದ ರಿಸೀವರನ್ನೇ ಹಾಕಿ.

ಟ್ರಾನ್ಸ್‌ಮಿಟರ್ ಒಂದನ್ನೇ ಕೈಯಲ್ಲಿ ಹಿಡಿದು

ಕಡಿಮೆ ಬೆಲೆಯ ಹಲವು ಟ್ರಾನ್ಸ್‌ಮಿಟರ್‌ಗಳು 4 ಎಎ ಸೆಲ್‌ಗಳಲ್ಲಿ ನಡೆಯುತ್ತವೆ. ಹೊಸ ಆಲ್ಕಲೈನ್ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು ಸೇರಿದರೆ 4.8 ವೋಲ್ಟ್. ಬ್ಯಾಟರಿ ಕಡಿಮೆಯಾದಾಗ ಕೂಗುವ ಅಲಾರಂ ಆಲ್ಕಲೈನ್‌ಗೆ ತಕ್ಕಂತೆ ಹೊಂದಿಸಿದ್ದರೆ, ಪೂರ್ತಿ ಚಾರ್ಜ್ ಆದ ರೀಚಾರ್ಜ್ ಸೆಲ್ ಹಾಕಿದರೂ ಬೇಗನೆ ಕೂಗಲು ಶುರುಮಾಡುತ್ತದೆ. ಸೆಲ್ ಹಾಳಾಗಿದೆ ಎಂದುಕೊಳ್ಳುವ ಮೊದಲು ಮೆನುವಿನಲ್ಲಿ ಅಲಾರಂ ವೋಲ್ಟೇಜ್ ಬದಲಿಸಲು ಬರುತ್ತದೆಯೇ ನೋಡಿ. ಎರಡು ಸೆಲ್‌ನ ಲಿಪೋ ಪೂರ್ತಿ ತುಂಬಿದಾಗ 8.4 ವೋಲ್ಟ್ ಇರುತ್ತದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ಜೋಡಿಸಿ.

ಈಗ ಸ್ವಿಚ್ ಹಾಕಿ, ಟ್ರಾನ್ಸ್‌ಮಿಟರನ್ನು ಅಂಗೈ ಮೇಲೆ ಮೆಲ್ಲಗೆ ನಾಲ್ಕಾರು ಬಾರಿ ತಟ್ಟಿ. ಪರದೆ ಆರಿ ಮತ್ತೆ ಹೊತ್ತಿಕೊಂಡರೆ ಬ್ಯಾಟರಿ ಪೆಟ್ಟಿಗೆಯ ಸ್ಪ್ರಿಂಗ್ ಸಡಿಲ. ಓಡಿಸುವಾಗ ಹೀಗಾದರೆ ಕಾರು ಕೈತಪ್ಪುತ್ತದೆ. ಸ್ಪ್ರಿಂಗನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ವಾಪಸ್ ಕೊಟ್ಟುಬಿಡಿ.

ಸ್ಟೀರಿಂಗ್ ವೀಲನ್ನು ಪೂರ್ತಿ ತಿರುಗಿಸಿ ಬಿಡಿ. ಅದು ತಾನಾಗಿ ನಡುವಿಗೆ ಬಂದು ಗಟ್ಟಿಯಾಗಿ ನಿಲ್ಲಬೇಕು. ನಡುವಿನಲ್ಲಿ ಬೆರಳ ತುದಿಯಿಂದ ಅಲುಗಿಸಿದಾಗ ಸ್ಪ್ರಿಂಗಿನ ಹಿಡಿತಕ್ಕೆ ಸಿಗದೆ ಜೋಲಾಡುವ ಅಂತರ ಇರಬಾರದು. ಟ್ರಿಗರಿಗೂ ಇದೇ ಪರೀಕ್ಷೆ. ಪರದೆಯಲ್ಲಿ ಚಾನೆಲ್‌ಗಳ ಚಲನೆ ತೋರಿಸುವ ಪುಟವಿದ್ದರೆ ಅದನ್ನು ತೆರೆದಿಟ್ಟು ಮಾಡಿ. ಕೈಬಿಟ್ಟಾಗ ಸೊನ್ನೆಗೆ ಬರದೆ ಎಡದಿಂದ ಬಂದಾಗ ಒಂದು ಅಂಕಿ, ಬಲದಿಂದ ಬಂದಾಗ ಇನ್ನೊಂದು ಅಂಕಿ ತೋರಿಸಿದರೆ ಮೊದಲು ಮೆನುವಿನಲ್ಲಿರುವ ವೀಲ್ ಮತ್ತು ಟ್ರಿಗರ್ ಕ್ಯಾಲಿಬ್ರೇಷನ್ ಮಾಡಿ ನೋಡಿ.

ತಂತಿಗಳು ಮತ್ತು ಆಂಟೆನಾ

ರಿಸೀವರಿನ ಚಾನೆಲ್ 1ಕ್ಕೆ ಸ್ಟೀರಿಂಗ್ ಸರ್ವೋ, ಚಾನೆಲ್ 2ಕ್ಕೆ ಇಎಸ್‌ಸಿ. ಕಪ್ಪು ಅಥವಾ ಕಂದು ತಂತಿ ನೆಗೆಟಿವ್, ನಡುವಿನ ಕೆಂಪು ಪಾಸಿಟಿವ್, ಬಿಳಿ, ಹಳದಿ ಅಥವಾ ಕಿತ್ತಳೆ ಬಣ್ಣದ್ದು ಸಿಗ್ನಲ್. ರಿಸೀವರಿನ ಮೇಲೆ ಸಿಗ್ನಲ್ ಪಿನ್ ಯಾವ ಬದಿಗಿದೆ ಎಂದು ಗುರುತಿರುತ್ತದೆ. ಪಾಸಿಟಿವ್ ನಡುವೆ ಇರುವುದರಿಂದ ಪ್ಲಗ್ ತಿರುವು ಮುರುವಾದರೂ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಕೆಲಸ ಮಾಡುವುದಿಲ್ಲ ಅಷ್ಟೆ. ಆದರೆ ಪಿನ್ ಒಂದು ಸಾಲು ಆಚೀಚೆಯಾದರೆ ಕಥೆ ಬೇರೆ, ಆದ್ದರಿಂದ ನೋಡಿಕೊಂಡು ತುರುಕಿ.

ಬ್ಯಾಟರಿ ಕಾರಿನಲ್ಲಿ ರಿಸೀವರಿಗೆ ಪ್ರತ್ಯೇಕ ಬ್ಯಾಟರಿ ಬೇಕಿಲ್ಲ. ಇಎಸ್‌ಸಿಯೊಳಗಿರುವ ಬಿಇಸಿ ಎಂಬ ಸರ್ಕ್ಯೂಟ್ 5 ಅಥವಾ 6 ವೋಲ್ಟ್ ಕೊಡುತ್ತದೆ. ಕೆಲವು ಇಎಸ್‌ಸಿಗಳಲ್ಲಿ 7.4 ವೋಲ್ಟ್‌ಗೂ ಏರಿಸಬಹುದು. ಸರ್ವೋ ಮತ್ತು ರಿಸೀವರ್ ಎರಡರ ಮೇಲೂ ಅಷ್ಟು ವೋಲ್ಟೇಜ್ ತಡೆಯುತ್ತದೆ ಎಂದು ಬರೆದಿಲ್ಲದಿದ್ದರೆ ಆ ಗೋಜಿಗೆ ಹೋಗಬೇಡಿ.

ಆಂಟೆನಾ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರಿಸೀವರಿನಿಂದ ಹೊರಬರುವ ತೆಳು ತಂತಿಯ ಉದ್ದಕ್ಕೂ ಸಿಗ್ನಲ್ ಹಿಡಿಯುವುದಿಲ್ಲ. ಬಹುತೇಕ ರಿಸೀವರ್‌ಗಳಲ್ಲಿ ಅದು ಕೋಆಕ್ಸಿಯಲ್ ತಂತಿ, ತುದಿಯಲ್ಲಿ ಹೊರಕವಚ ಸುಲಿದಿರುವ ಸುಮಾರು 31 ಮಿ.ಮೀ. ಮಾತ್ರ ನಿಜವಾದ ಆಂಟೆನಾ. 2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 125 ಮಿ.ಮೀ., ಅದರ ಕಾಲು ಭಾಗ ಇದು. ಹಾಗಾಗಿ ಉದ್ದ ಜಾಸ್ತಿಯಾಯಿತೆಂದು ಕತ್ತರಿಸಿದರೆ ಆಂಟೆನಾವನ್ನೇ ಕತ್ತರಿಸಿದಂತೆ. ಆ ತುದಿಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ. ಕಾರ್ಬನ್ ಫೈಬರ್ ಚಾಸಿಗೆ, ಮೋಟಾರಿಗೆ, ಬ್ಯಾಟರಿಯ ದಪ್ಪ ತಂತಿಗಳಿಗೆ ತಾಗಬಾರದು. ಚೂಪಾಗಿ ಮಡಿಸಲೂಬಾರದು.

ಬೈಂಡ್ ಮಾಡುವ ಮೊದಲು ಪಿನಿಯನ್ ಬಿಡಿಸಿ

ಮೋಟಾರಿನ ಎರಡು ಸ್ಕ್ರೂ ಸಡಿಲಿಸಿ, ಮೋಟಾರಿನ ತುದಿಯ ಚಿಕ್ಕ ಪಿನಿಯನ್ ಗೇರು ಚಕ್ರಗಳನ್ನು ತಿರುಗಿಸುವ ದೊಡ್ಡ ಸ್ಪರ್ ಗೇರಿಗೆ ತಾಗದಂತೆ ಹಿಂದಕ್ಕೆ ಸರಿಸಿ, ಮತ್ತೆ ಬಿಗಿ ಮಾಡಿ. ಮೋಟಾರಿನ ತಂತಿಗಳನ್ನೇ ಕಳಚಬಹುದಲ್ಲ ಎನಿಸಬಹುದು. ಆದರೆ ಹೆಚ್ಚಿನ ಇಎಸ್‌ಸಿಗಳ ಬೀಪ್ ಸದ್ದು ಹೊರಡುವುದೇ ಮೋಟಾರಿನ ಸುರುಳಿಗಳಿಂದ. ತಂತಿ ಕಳಚಿದರೆ ಕ್ಯಾಲಿಬ್ರೇಷನ್ ವೇಳೆ ಯಾವ ಸೂಚನೆಯೂ ಕೇಳಿಸುವುದಿಲ್ಲ. ಭಾರವಿಲ್ಲದೆ ಮೋಟಾರು ಪೂರ್ತಿ ವೇಗದಲ್ಲಿ ತಿರುಗುವುದೂ ಒಳ್ಳೆಯದಲ್ಲ, ಕ್ಯಾಲಿಬ್ರೇಷನ್ ಕೇಳುವಾಗ ಹೊರತು ಟ್ರಿಗರನ್ನು ಕಾಲು ಭಾಗಕ್ಕಿಂತ ಹೆಚ್ಚು ಎಳೆಯಬೇಡಿ. ಚಾಸಿಯ ಕೆಳಗೆ ಗಟ್ಟಿಯಾದ ಪೆಟ್ಟಿಗೆಯಿಟ್ಟು ನಾಲ್ಕೂ ಚಕ್ರ ನೆಲ ಬಿಡುವಂತೆ ಮಾಡಿ.

ಬೈಂಡ್ ಮಾಡುವ ಕ್ರಮ ಎರಡು ಬಗೆಯದು. ರಿಸೀವರಿನಲ್ಲಿ ಬಟನ್ ಇದ್ದರೆ ಅದನ್ನು ಒತ್ತಿ ಹಿಡಿದು ಕಾರಿನ ಸ್ವಿಚ್ ಹಾಕಬೇಕು. ಬಟನ್ ಇಲ್ಲದಿದ್ದರೆ ಜೊತೆಗೆ ಬಂದ ಚಿಕ್ಕ ಬೈಂಡ್ ಪ್ಲಗ್ಗನ್ನು ಅದರ ಜಾಗಕ್ಕೆ ಚುಚ್ಚಿ ಸ್ವಿಚ್ ಹಾಕಬೇಕು. ರಿಸೀವರಿನ ದೀಪ ಬೇಗಬೇಗ ಮಿನುಗುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಬೈಂಡ್ ಆಯ್ಕೆ ಮಾಡಿದ ಮೇಲೆ ಮಿನುಗುವುದು ನಿಂತು ದೀಪ ಸ್ಥಿರವಾಗಿ ಉರಿದರೆ ಆಯಿತು. ಪ್ಲಗ್ ತೆಗೆದು ಎರಡನ್ನೂ ಆರಿಸಿ ಮತ್ತೆ ಹಾಕಿ. ಬೈಂಡ್ ಆಗದಿದ್ದರೆ ಎರಡನ್ನೂ ಅರ್ಧ ಮೀಟರ್ ಅಂತರದಲ್ಲಿಟ್ಟು ನೋಡಿ. ತೀರಾ ಒತ್ತಿಕೊಂಡಿದ್ದರೂ ಕೆಲವು ಸೆಟ್‌ಗಳು ಹಟ ಹಿಡಿಯುತ್ತವೆ.

ಇಲ್ಲಿಂದ ಮುಂದೆ ಒಂದೇ ಕ್ರಮ ಪಾಲಿಸಿ. ಹಾಕುವಾಗ ಮೊದಲು ಟ್ರಾನ್ಸ್‌ಮಿಟರ್, ನಂತರ ಕಾರು. ಆರಿಸುವಾಗ ಮೊದಲು ಕಾರು, ನಂತರ ಟ್ರಾನ್ಸ್‌ಮಿಟರ್. ಕಾರು ಎಚ್ಚರವಾಗಿರುವಾಗ ಅದಕ್ಕೆ ಆಜ್ಞೆ ಕೊಡುವ ಟ್ರಾನ್ಸ್‌ಮಿಟರ್ ಯಾವತ್ತೂ ಎಚ್ಚರವಾಗಿರಬೇಕು. ಮುಂದೆ ಬರುವ ಫೇಲ್‌ಸೇಫ್ ಪರೀಕ್ಷೆ ಮಾತ್ರ ಇದಕ್ಕೆ ಹೊರತು.

ಥ್ರಾಟಲ್ ದಿಕ್ಕು ಮತ್ತು ಇಎಸ್‌ಸಿ ಕ್ಯಾಲಿಬ್ರೇಷನ್

ಸರ್ವೋಗೂ ಇಎಸ್‌ಸಿಗೂ ರಿಸೀವರ್ ಕಳಿಸುವುದು ಚಿಕ್ಕ ಚಿಕ್ಕ ವಿದ್ಯುತ್ ಮಿಡಿತಗಳನ್ನು. ಮಿಡಿತದ ಅವಧಿ ಸುಮಾರು 1500 ಮೈಕ್ರೋಸೆಕೆಂಡ್ ಇದ್ದರೆ ನ್ಯೂಟ್ರಲ್, 1000ದ ಕಡೆ ಒಂದು ತುದಿ, 2000ದ ಕಡೆ ಇನ್ನೊಂದು ತುದಿ. ನಿಮ್ಮ ಟ್ರಾನ್ಸ್‌ಮಿಟರಿನ ತುದಿಗಳು ಎಲ್ಲಿವೆ ಎಂದು ಇಎಸ್‌ಸಿಗೆ ಕಲಿಸುವುದೇ ಕ್ಯಾಲಿಬ್ರೇಷನ್. ಹಳೆಯ ಟ್ರಾನ್ಸ್‌ಮಿಟರಿನ ಲೆಕ್ಕ ಅದರ ನೆನಪಿನಲ್ಲಿರುತ್ತದೆ, ಆದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮೊದಲು ಥ್ರಾಟಲ್ ಟ್ರಿಮ್ ಮತ್ತು ಸಬ್‌ಟ್ರಿಮ್ (ಎರಡೂ ಚಾನೆಲ್‌ನ ನಡುಬಿಂದುವನ್ನು ಅತ್ತಿತ್ತ ಸರಿಸುವಂಥವು) ಸೊನ್ನೆಗೆ ತನ್ನಿ, ಥ್ರಾಟಲ್‌ನ ಎರಡೂ ಬದಿಯ ಇಪಿಎ 100ಕ್ಕೆ ಇಡಿ. ಇಪಿಎ ಎಂದರೆ ಚಾನೆಲ್ ಎಷ್ಟು ದೂರದವರೆಗೆ ಹೋಗಬೇಕು ಎಂಬ ಮಿತಿ. ಇಎಸ್‌ಸಿಯ ಸೆಟ್ ಬಟನ್ ಒತ್ತಿಹಿಡಿದು ಅದರ ಸ್ವಿಚ್ ಹಾಕಿ, ಕೈಪಿಡಿ ಹೇಳುವ ದೀಪ ಮಿನುಗಿದ ಮೇಲೆ ಬಿಡಿ. ಆಮೇಲೆ ನ್ಯೂಟ್ರಲ್, ಪೂರ್ತಿ ಮುಂದಕ್ಕೆ, ಪೂರ್ತಿ ಬ್ರೇಕ್ ಈ ಮೂರನ್ನೂ ಅದು ಕೇಳುವ ಕ್ರಮದಲ್ಲಿ ಹಿಡಿದು ಪ್ರತಿಸಲ ಬಟನ್ ಒತ್ತಿ ಒಪ್ಪಿಸಬೇಕು. ಕ್ರಮ ಇಎಸ್‌ಸಿಯಿಂದ ಇಎಸ್‌ಸಿಗೆ ಬೇರೆ. ಸೆಟ್ ಬಟನ್ ಇಲ್ಲದ ಸರಳ ಬ್ರಶ್ಡ್ ಇಎಸ್‌ಸಿಗಳಲ್ಲಿ ಕೆಲವು ಸ್ವಿಚ್ ಹಾಕಿದಾಗ ಟ್ರಿಗರ್ ಎಲ್ಲಿದೆಯೋ ಅದನ್ನೇ ನ್ಯೂಟ್ರಲ್ ಎಂದುಕೊಳ್ಳುತ್ತವೆ. ಅಂಥವುಗಳಿಗೆ ಸ್ವಿಚ್ ಹಾಕುವಾಗ ಬೆರಳನ್ನು ಟ್ರಿಗರಿನಿಂದ ದೂರವಿಡಿ.

ಟ್ರಿಗರ್ ಎಳೆದರೆ ಹಿಂದಕ್ಕೆ, ತಳ್ಳಿದರೆ ಮುಂದಕ್ಕೆ ಹೋಗುವುದಾದರೆ ಥ್ರಾಟಲ್ ಚಾನೆಲ್‌ನ ರಿವರ್ಸ್ ಬದಲಿಸಿ, ಕ್ಯಾಲಿಬ್ರೇಷನ್ ಮತ್ತೆ ಮಾಡಿ. ಬ್ರಶ್ಡ್ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ ಇದನ್ನು ಸರಿಪಡಿಸಲು ಹೋಗಬೇಡಿ. ಇಎಸ್‌ಸಿ ಹಿಂದಕ್ಕೆ ಎಂದು ತಿಳಿದಿರುವ ದಿಕ್ಕಿನಲ್ಲಿ ಶಕ್ತಿ ಕಡಿಮೆ ಕೊಡುವಂತೆ ಮಾಡಿರುತ್ತಾರೆ, ಕಾರು ಮುಂದಕ್ಕೆ ನಿಧಾನ, ಹಿಂದಕ್ಕೆ ಜೋರು ಎಂಬಂತಾಗುತ್ತದೆ.

ಫೇಲ್‌ಸೇಫ್: ತೀರ್ಮಾನಿಸುವ ಪರೀಕ್ಷೆ

ಸಿಗ್ನಲ್ ಕಡಿದಾಗ ರಿಸೀವರ್ ಏನು ಮಾಡಬೇಕು ಎಂಬ ಸೂಚನೆಯೇ ಫೇಲ್‌ಸೇಫ್. ಕೆಲವು ರಿಸೀವರ್‌ಗಳು ಕೊನೆಯದಾಗಿ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಪೂರ್ತಿ ವೇಗದಲ್ಲಿದ್ದ ಕಾರು ಪೂರ್ತಿ ವೇಗದಲ್ಲೇ ಹೋಗುತ್ತದೆ. ಕೆಲವು ಮಿಡಿತ ಕಳಿಸುವುದನ್ನೇ ನಿಲ್ಲಿಸುತ್ತವೆ, ಆಗ ಮೋಟಾರು ನಿಲ್ಲಿಸುವ ಹೊಣೆ ಇಎಸ್‌ಸಿಯದು. ಇನ್ನು ಕೆಲವು ನೀವು ಹೊಂದಿಸಿಟ್ಟ ಸ್ಥಾನಕ್ಕೆ ಹೋಗುತ್ತವೆ. ನಮಗೆ ಬೇಕಾದದ್ದು ಕೊನೆಯದು.

ದಿಕ್ಕು ಮತ್ತು ಕ್ಯಾಲಿಬ್ರೇಷನ್ ಆದ ಮೇಲೆಯೇ ಫೇಲ್‌ಸೇಫ್ ಹೊಂದಿಸಬೇಕು. ಮೊದಲು ಬ್ರೇಕ್ ಸ್ಥಾನವನ್ನು ಫೇಲ್‌ಸೇಫ್ ಆಗಿ ಉಳಿಸಿ, ಆಮೇಲೆ ಥ್ರಾಟಲ್ ರಿವರ್ಸ್ ಬದಲಿಸಿದರೆ, ರಿಸೀವರಿನೊಳಗೆ ಉಳಿದಿರುವ ಹಳೆಯ ಮಿಡಿತವೇ ಈಗ ಮುಂದಕ್ಕೆ ಓಡಿಸುವ ಆಜ್ಞೆಯಾಗಿಬಿಡಬಹುದು. ಬ್ಯಾಟರಿ ಕಾರಿಗೆ ನ್ಯೂಟ್ರಲ್ ಅಥವಾ ಹಗುರ ಬ್ರೇಕ್ ಸಾಕು, ಪೂರ್ತಿ ಬ್ರೇಕ್ ಇಟ್ಟರೆ ವೇಗದಲ್ಲಿ ಕಾರು ಪಲ್ಟಿ ಹೊಡೆಯಬಹುದು. ನೈಟ್ರೋ ಎಂಜಿನ್ ಕಾರಿಗೆ ಮಾತ್ರ ಕಾರ್ಬ್ಯುರೇಟರ್ ಮುಚ್ಚಿ ಬ್ರೇಕ್ ಹಿಡಿಯುವ ಸ್ಥಾನವೇ ಬೇಕು.

ಈಗ ಪರೀಕ್ಷೆ. ಪಿನಿಯನ್ ಮತ್ತೆ ಜೋಡಿಸಿ. ಪಿನಿಯನ್ ಮತ್ತು ಸ್ಪರ್ ನಡುವೆ ತೆಳು ಕಾಗದದ ಪಟ್ಟಿಯಿಟ್ಟು ಒತ್ತಿ ಬಿಗಿ ಮಾಡಿ ಕಾಗದ ಎಳೆದರೆ ಗೇರಿನ ಅಂತರ ಸರಿಯಾಗಿರುತ್ತದೆ. ಕಾರು ಪೆಟ್ಟಿಗೆಯ ಮೇಲಿರಲಿ, ಒಂದು ಕೈಯಿಂದ ಚಾಸಿ ಹಿಡಿದುಕೊಳ್ಳಿ, ಬೆರಳು ಮತ್ತು ಅಂಗಿಯ ತೋಳು ಚಕ್ರಗಳಿಂದ ದೂರವಿರಲಿ. ಇನ್ನೊಬ್ಬರಿದ್ದರೆ ಇನ್ನೂ ಒಳ್ಳೆಯದು. ಟ್ರಿಗರನ್ನು ಕಾಲು ಭಾಗ ಎಳೆದು, ಸ್ಟೀರಿಂಗನ್ನು ಅರ್ಧ ತಿರುಗಿಸಿ, ಹಾಗೆಯೇ ಹಿಡಿದುಕೊಂಡು ಟ್ರಾನ್ಸ್‌ಮಿಟರ್ ಆರಿಸಿ. ಮೋಟಾರಿಗೆ ಹೋಗುವ ಶಕ್ತಿ ಸುಮಾರು ಒಂದು ಸೆಕೆಂಡಿನೊಳಗೆ ನಿಲ್ಲಬೇಕು. ಚಕ್ರಗಳು ತಮ್ಮ ವೇಗಕ್ಕೆ ಸ್ವಲ್ಪ ಹೊತ್ತು ತಿರುಗಬಹುದು, ಸದ್ದಿನ ಮೇಲೆ ಕಿವಿಯಿಡಿ. ಕೈಬಿಟ್ಟು, ಟ್ರಾನ್ಸ್‌ಮಿಟರ್ ಮತ್ತೆ ಹಾಕಿ. ಕೆಲವೇ ಸೆಕೆಂಡಿನಲ್ಲಿ, ಕಾರಿನ ಸ್ವಿಚ್ ಮುಟ್ಟದೆ, ಸಂಪರ್ಕ ಮರಳಬೇಕು.

ಇದನ್ನು ಐದಾರು ಬಾರಿ ಮಾಡಿ, ಒಂದು ಬಾರಿ ಬ್ರೇಕ್ ಹಿಡಿದುಕೊಂಡೂ ಮಾಡಿ. ಎಲ್ಲ ಸಲವೂ ಒಂದೇ ಫಲಿತಾಂಶ ಬರಬೇಕು. ಹತ್ತರಲ್ಲಿ ಒಂದು ಸಲ ತಪ್ಪುವ ಫೇಲ್‌ಸೇಫ್ ಇದ್ದೂ ಇಲ್ಲದಂತೆ. ಕೈಪಿಡಿಯಂತೆ ಮಾಡಿದರೂ ಮೋಟಾರು ನಿಲ್ಲದಿದ್ದರೆ ಆ ಸೆಟ್ಟನ್ನು ವಾಪಸ್ ಮಾಡಿ, ಇನ್ನೊಂದು ಪರೀಕ್ಷೆಗೆ ಸಮಯ ಹಾಕಬೇಡಿ. ಮರುಬೈಂಡ್ ಮಾಡಿದಾಗ ಕೆಲವು ರಿಸೀವರ್‌ಗಳು ಫೇಲ್‌ಸೇಫ್ ಮರೆತುಬಿಡುತ್ತವೆ. ಪ್ರತಿ ಬೈಂಡ್ ನಂತರ ಇದನ್ನು ಮತ್ತೆ ಮಾಡಬೇಕು.

ಸ್ಟೀರಿಂಗ್ ಹೊಂದಿಸುವುದು

ನಿಜವಾಗಿ ಟ್ರಾನ್ಸ್‌ಮಿಟರಿನ ಗುಣ ಕೈಗೆ ತಿಳಿಯುವುದು ಇಲ್ಲಿ. ಸ್ಟೀರಿಂಗ್ ಟ್ರಿಮ್, ಸಬ್‌ಟ್ರಿಮ್ ಎರಡೂ ಸೊನ್ನೆ, ಡ್ಯುಯಲ್ ರೇಟ್ 100, ಎಕ್ಸ್‌ಪೋ ಸೊನ್ನೆ ಮಾಡಿಕೊಳ್ಳಿ. ವೀಲ್ ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೋದರೆ ಚಾನೆಲ್ 1ರ ರಿವರ್ಸ್ ಬದಲಿಸಿ.

ಸ್ವಿಚ್ ಹಾಕಿದಂತೆಯೇ ಸರ್ವೋದ ಹಾರ್ನ್ (ಲಿಂಕನ್ನು ಎಳೆಯುವ ಅದರ ಚಿಕ್ಕ ತೋಳು) ಕಳಚಿ. ಸರ್ವೋ ತನ್ನ ನಡುವಿನಲ್ಲಿ ನಿಂತಿದೆ. ಈಗ ಹಾರ್ನ್ ಮತ್ತು ಸ್ಟೀರಿಂಗ್ ಲಿಂಕ್ 90 ಡಿಗ್ರಿಗೆ ಆದಷ್ಟು ಹತ್ತಿರವಾಗುವಂತೆ ಮತ್ತೆ ಕೂರಿಸಿ. ಸರ್ವೋದ ಹಲ್ಲು 25 ಇದ್ದರೆ ಒಂದು ಹಲ್ಲಿಗೆ 14.4 ಡಿಗ್ರಿ, ಆದ್ದರಿಂದ ಏಳು ಡಿಗ್ರಿಯವರೆಗೆ ಓರೆ ಉಳಿಯಬಹುದು. ಅಷ್ಟನ್ನು ಮಾತ್ರ ಸಬ್‌ಟ್ರಿಮ್‌ನಿಂದ ಸರಿಪಡಿಸಿ. ಹಾರ್ನ್ ಒಂದು ಹಲ್ಲು ತಪ್ಪಿದ್ದನ್ನು ಸಬ್‌ಟ್ರಿಮ್‌ನಿಂದ ಎಳೆದುಕೂರಿಸಿದರೆ ಒಂದು ಬದಿಗೆ ತಿರುವು ಕಡಿಮೆಯಾಗುತ್ತದೆ. ಹಾರ್ನ್ ಕೊಳ್ಳುವಾಗಲೂ ಗಮನಿಸಿ: 23, 24, 25 ಹಲ್ಲಿನ ಸರ್ವೋಗಳಿವೆ, ಒಂದರದ್ದು ಇನ್ನೊಂದಕ್ಕೆ ಬಲವಂತದಿಂದ ತೂರಿಸಿದರೆ ಹಲ್ಲು ಕಿತ್ತುಬರುತ್ತದೆ. ಹಾರ್ನ್ ಸರಿಯಾದ ಮೇಲೂ ಚಕ್ರಗಳು ಓರೆ ಇದ್ದರೆ ಲಿಂಕ್‌ನ ಉದ್ದ ತಿರುಚಿ ನೇರ ಮಾಡಿ.

ಇನ್ನು ಇಪಿಎ. ಎಡ ಬಲ ಎರಡನ್ನೂ 60ಕ್ಕೆ ಇಳಿಸಿ. ವೀಲನ್ನು ಪೂರ್ತಿ ಎಡಕ್ಕೆ ಹಿಡಿದು, ಎಡದ ಇಪಿಎಯನ್ನು ಒಂದೊಂದೇ ಅಂಕಿ ಏರಿಸುತ್ತಾ ಮುಂದಿನ ಚಕ್ರದ ನಕಲ್ (ಚಕ್ರವನ್ನು ಹಿಡಿದು ತಿರುಗುವ ಭಾಗ) ನೋಡುತ್ತಿರಿ. ಅದು ತನ್ನ ಕೊನೆಗೆ ಬಂದು ನಿಂತ ಮೇಲೂ ಏರಿಸಿದರೆ ಸರ್ವೋ ಗುಂಯ್ ಎಂದು ಮೊರೆಯುತ್ತದೆ. ಅಲ್ಲಿಂದ ಎರಡು ಮೂರು ಅಂಕಿ ಹಿಂದೆ ಬನ್ನಿ, ಮೊರೆತ ನಿಲ್ಲಬೇಕು. ಬಲಕ್ಕೂ ಹಾಗೆಯೇ. ಎಡಕ್ಕೆ 92, ಬಲಕ್ಕೆ 85 ಎಂಬಂಥ ವ್ಯತ್ಯಾಸ ಬಂದರೆ ಆತಂಕ ಬೇಡ, ಹಾರ್ನ್ ಕಮಾನಿನಲ್ಲಿ ಚಲಿಸುವುದರಿಂದ ಎರಡು ಬದಿ ಸಮನಾಗಿರುವುದು ಅಪರೂಪ. ಸರ್ವೋ ಸೇವರ್ (ಚಕ್ರಕ್ಕೆ ಬಿದ್ದ ಏಟು ಸರ್ವೋಗೆ ತಗಲದಂತೆ ತಡೆಯುವ ಸ್ಪ್ರಿಂಗಿನ ಜೋಡಣೆ) ಇರುವ ಕಾರಿನಲ್ಲಿ ಮೊರೆತ ಕೇಳಿಸದೆ ಸೇವರಿನ ಸ್ಪ್ರಿಂಗ್ ಬಾಗತೊಡಗುತ್ತದೆ, ಅದನ್ನು ಕಣ್ಣಿನಿಂದಲೇ ಹಿಡಿಯಬೇಕು. ಸಸ್ಪೆನ್ಶನ್ ಒತ್ತಿ ಹಿಡಿದಾಗಲೂ, ಜೋತುಬಿದ್ದಾಗಲೂ ಒಮ್ಮೆ ನೋಡಿ.

ತುದಿಯಲ್ಲಿ ಸಿಕ್ಕಿಕೊಂಡ ಸರ್ವೋ ಹಲವು ಆಂಪಿಯರ್ ಕರೆಂಟ್ ಎಳೆಯಬಹುದು. ಬಿಇಸಿ ಬಳಲುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಒಂದು ಕ್ಷಣ ಆರಿ ಮತ್ತೆ ಏಳುತ್ತದೆ. ಓಡಿಸುವವರು ಅದನ್ನು ಟ್ರಾನ್ಸ್‌ಮಿಟರಿನ ರೇಂಜ್ ಕಡಿಮೆ ಎಂದು ತಿಳಿಯುತ್ತಾರೆ. ಅಗ್ಗದ ಟ್ರಾನ್ಸ್‌ಮಿಟರ್‌ಗಳ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದ್ದು.

ಡ್ಯುಯಲ್ ರೇಟನ್ನು ಓಡಿಸುವಾಗ ಬಳಸಲು ಬಿಡಿ. ಇಪಿಎ ಕಾರಿನ ಮಿತಿ, ಡ್ಯುಯಲ್ ರೇಟ್ ಆ ಮಿತಿಯೊಳಗೆ ಎಷ್ಟು ಪಾಲು ತಿರುಗಬೇಕೆಂಬ, ಅಂದಿನ ನೆಲಕ್ಕೆ ತಕ್ಕ ಹೊಂದಾಣಿಕೆ. ಹಿಡಿತ ಹೆಚ್ಚಿರುವ ಡಾಂಬರಿನ ಮೇಲೆ ವೇಗದಲ್ಲಿ ತಿರುಗುವಾಗ 65–75ಕ್ಕೆ ಇಳಿಸಿದರೆ ಕಾರು ಉರುಳುವುದು ತಪ್ಪುತ್ತದೆ. ಎಕ್ಸ್‌ಪೋ ನಡುವಿನ ಚುರುಕನ್ನು ತಗ್ಗಿಸುತ್ತದೆ ಅಥವಾ ಹೆಚ್ಚಿಸುತ್ತದೆ, ಆದರೆ ಪ್ಲಸ್ ಮೈನಸ್ ಅರ್ಥ ಕಂಪನಿಯಿಂದ ಕಂಪನಿಗೆ ಉಲ್ಟಾ. 40 ಇಟ್ಟು ವೀಲನ್ನು ಸ್ವಲ್ಪವೇ ತಿರುಗಿಸಿ: ಚಕ್ರ ಮೊದಲಿಗಿಂತ ಕಡಿಮೆ ತಿರುಗಿದರೆ ಅದು ಮೃದುವಾಗುವ ಚಿಹ್ನೆ. ಹೊಸಬರಿಗೆ ಮೃದುವಿನ ಕಡೆ 15–20 ಸಾಕು.

ನಡುವಿಗೆ ಮರಳುತ್ತದೆಯೇ, ನುಣುಪಾಗಿ ಚಲಿಸುತ್ತದೆಯೇ

ಮುಂದಿನ ಒಂದು ಚಕ್ರದ ಹೊರಮೈಗೆ ಅಡ್ಡಲಾಗಿ 20 ಸೆಂ.ಮೀ. ಉದ್ದದ ತೆಳು ಕಡ್ಡಿಯೊಂದನ್ನು ಟೇಪಿನಿಂದ ಅಂಟಿಸಿ, ತುದಿ ಮುಂದಕ್ಕೆ ಚಾಚಿರಲಿ, ಕೆಳಗೆ ಬಿಳಿ ಕಾಗದವಿರಲಿ. ಮೋಟಾರಿಗೆ ಆಜ್ಞೆ ಹೋಗದಂತೆ ಟ್ರಿಗರ್ ಮುಟ್ಟಬೇಡಿ. ವೀಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಿಟ್ಟು, ಕಡ್ಡಿಯ ತುದಿ ನಿಂತಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡಿ. ಬಲಕ್ಕೂ ಹಾಗೆಯೇ. ಎರಡು ಚುಕ್ಕೆಗಳ ನಡುವೆ ಒಂದೆರಡು ಮಿಲಿಮೀಟರ್ ಇದ್ದರೆ ಈ ವರ್ಗದ ಉಪಕರಣಕ್ಕೆ ಒಪ್ಪುವಂಥದ್ದು. ಐದಾರು ಮಿಲಿಮೀಟರ್ ಇದ್ದರೆ ಕಾರು ನೇರ ರಸ್ತೆಯಲ್ಲಿ ಪ್ರತಿ ತಿರುವಿನ ನಂತರ ಒಂದೊಂದು ಕಡೆ ಎಳೆಯುತ್ತದೆ, ಟ್ರಿಮ್ ಎಷ್ಟು ಒತ್ತಿದರೂ ಸರಿಹೋಗುವುದಿಲ್ಲ.

ದೋಷ ಯಾರದ್ದೆಂದು ಹೀಗೆ ಪತ್ತೆ ಹಚ್ಚಿ. ಲಿಂಕ್ ಕಳಚಿ ಸರ್ವೋ ಹಾರ್ನ್ ಒಂದನ್ನೇ ನೋಡಿ. ಅದು ಸರಿಯಾಗಿ ಮರಳಿದರೆ ತಪ್ಪು ಲಿಂಕ್‌ನಲ್ಲಿದೆ, ಸವೆದ ಬಾಲ್ ಜಾಯಿಂಟ್ ಅಥವಾ ಸಡಿಲ ಸರ್ವೋ ಸೇವರ್ ಇರುತ್ತದೆ. ಹಾರ್ನ್ ಕೂಡ ತಪ್ಪಿದರೆ ಬೇರೊಂದು ಸರ್ವೋ ಚುಚ್ಚಿ ನೋಡಿ. ಅದೂ ಅಷ್ಟೇ ತಪ್ಪಿದರೆ ಮಾತ್ರ ಟ್ರಾನ್ಸ್‌ಮಿಟರಿನ ವೀಲ್ ಮೇಲೆ ದೂರು ಹೇಳಬಹುದು.

ಈಗ ಕಡ್ಡಿ ಹಾಗೆಯೇ ಇರಲಿ, ವೀಲನ್ನು ಹತ್ತು ಸೆಕೆಂಡ್ ತೆಗೆದುಕೊಂಡು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ. ಕಡ್ಡಿಯ ತುದಿ ಜಾರುತ್ತಾ ಹೋಗಬೇಕು. ತಡೆದು ತಡೆದು, ಮೆಟ್ಟಿಲು ಮೆಟ್ಟಿಲಾಗಿ ನೆಗೆದರೆ ಟ್ರಾನ್ಸ್‌ಮಿಟರಿನ ನಿಖರತೆ ಸಾಲದು, ಇಲ್ಲವೇ ಸರ್ವೋ ಒರಟು. ಇಲ್ಲೂ ಸರ್ವೋ ಬದಲಿಸಿ ನೋಡಿದರೆ ತಿಳಿಯುತ್ತದೆ. ಮೆನುವಿನಲ್ಲಿ ಹೈಸ್ಪೀಡ್ ಅಥವಾ ಡಿಜಿಟಲ್ ಸರ್ವೋ ಆಯ್ಕೆ ಕಂಡರೆ ಒಂದು ಎಚ್ಚರಿಕೆ: ಸಾಧಾರಣ ಅನಲಾಗ್ ಸರ್ವೋ ಸೆಕೆಂಡಿಗೆ 50 ಮಿಡಿತಕ್ಕೆ ಮಾಡಿದ್ದು. ಅದಕ್ಕೆ ಹೆಚ್ಚಿನ ದರ ಕೊಟ್ಟರೆ ನಡುಗುತ್ತದೆ, ಬಿಸಿಯಾಗುತ್ತದೆ, ಸುಟ್ಟೂಹೋಗುತ್ತದೆ.

ಜೈರೋ ಇರುವ ರಿಸೀವರ್

ಈಗ ಅಗ್ಗದ ಸೆಟ್‌ಗಳಲ್ಲೂ ಜೈರೋ ಇರುವ ರಿಸೀವರ್ ಬರುತ್ತದೆ. ಕಾರಿನ ಹಿಂಭಾಗ ಜಾರಿದಾಗ ತಾನಾಗಿ ಸ್ಟೀರಿಂಗ್ ತಿರುಗಿಸಿ ಸರಿಪಡಿಸುವುದು ಜೈರೋದ ಕೆಲಸ. ರಿಸೀವರನ್ನು ಚಾಸಿಗೆ ಸಮತಟ್ಟಾಗಿ, ಎರಡು ಬದಿ ಅಂಟಿನ ಫೋಮ್ ಟೇಪಿನಿಂದ ಕೂರಿಸಿ. ಜೈರೋ ಹಾಕಿ, ಕಾರಿನ ಹಿಂಭಾಗವನ್ನು ಕೈಯಿಂದ ಚಟ್ಟನೆ ಬಲಕ್ಕೆ ತಳ್ಳಿ. ಮುಂದಿನ ಚಕ್ರಗಳೂ ಬಲಕ್ಕೆ ತಿರುಗಬೇಕು. ಎಡಕ್ಕೆ ತಿರುಗಿದರೆ ಜೈರೋ ದಿಕ್ಕು ಉಲ್ಟಾ, ಹಾಗೆ ಓಡಿಸಿದರೆ ಮೊದಲ ಜಾರಿಕೆಗೇ ಕಾರು ಬುಗುರಿಯಂತೆ ಸುತ್ತುತ್ತದೆ. ಗೇನ್, ಅಂದರೆ ಜೈರೋ ಎಷ್ಟು ಜೋರಾಗಿ ಸರಿಪಡಿಸಬೇಕೆಂಬ ಅಂಕಿ, ಕಡಿಮೆಯಿಂದ ಶುರುಮಾಡಿ. ನೇರ ಓಟದಲ್ಲಿ ಮುಂದಿನ ಚಕ್ರಗಳು ಎಡ ಬಲಕ್ಕೆ ಒದ್ದಾಡತೊಡಗಿದರೆ ಹೆಚ್ಚಾಯಿತು ಎಂದು ತಿಳಿದು ಇಳಿಸಿ. ಮೊದಲ ಪರೀಕ್ಷೆಗಳನ್ನೆಲ್ಲ ಜೈರೋ ಆರಿಸಿಯೇ ಮಾಡಿ, ಅದು ಬೇರೆ ದೋಷಗಳನ್ನು ಮುಚ್ಚಿಹಾಕುತ್ತದೆ.

ರೇಂಜ್ ಪರೀಕ್ಷೆ

ತೆರೆದ ಜಾಗದಲ್ಲಿ ಒಬ್ಬರು ಕಾರನ್ನು ನೆಲದಿಂದ ಒಂದು ಅಂಗುಲ ಮೇಲೆ ಹಿಡಿದುಕೊಂಡಿರಲಿ. ಬಾಡಿ ಹಾಕಿರಬೇಕು, ಯಾಕೆಂದರೆ ಓಡುವುದು ಬಾಡಿ ಹಾಕಿಕೊಂಡೇ. ಎತ್ತರಕ್ಕೆ ಎತ್ತಿ ಹಿಡಿದರೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. 30, 60, 100 ಮೀಟರ್‌ಗಳಲ್ಲಿ ನಿಂತು ಸ್ಟೀರಿಂಗನ್ನು ಎಡ ಬಲಕ್ಕೆ ಆಡಿಸಿ. ಕಾರು ಹಿಡಿದವರು ಚಕ್ರ ತಡವಾಗಿ ತಿರುಗುತ್ತಿದೆಯೇ, ನಡುವೆ ತಡೆಯುತ್ತಿದೆಯೇ ಎಂದು ಹೇಳಬೇಕು. ಟ್ರಾನ್ಸ್‌ಮಿಟರಿನ ಆಂಟೆನಾ ಹೊರಗಿದ್ದರೆ ಅದರ ತುದಿಯನ್ನು ನೇರವಾಗಿ ಕಾರಿನತ್ತ ಗುರಿಯಿಡಬೇಡಿ, ತುದಿಯ ದಿಕ್ಕಿನಲ್ಲಿ ಸಿಗ್ನಲ್ ಅತಿ ದುರ್ಬಲ. ಬೆನ್ನು ತಿರುಗಿಸಿ ನಿಂತು ಕೂಡ ನೋಡಿ. ನಮ್ಮ ದೇಹದ ನೀರಿನಂಶ 2.4 ಗಿಗಾಹರ್ಟ್ಸ್ ಸಿಗ್ನಲನ್ನು ಚೆನ್ನಾಗಿ ಹೀರುತ್ತದೆ. ಬೆನ್ನು ತಿರುಗಿಸಿದರೂ 60 ಮೀಟರ್‌ನಲ್ಲಿ ತಡೆಯಿಲ್ಲದೆ ನಡೆದರೆ ಆ ಸೆಟ್ಟಿನ ಮೇಲೆ ಭರವಸೆ ಇಡಬಹುದು. 100 ಮೀಟರ್ ಆಚೆ 1:10 ಕಾರು ಯಾವ ಕಡೆ ಮುಖ ಮಾಡಿದೆ ಎಂಬುದೇ ಕಣ್ಣಿಗೆ ತಿಳಿಯುವುದಿಲ್ಲ, ಅದಕ್ಕಿಂತ ದೊಡ್ಡ ಅಂಕಿ ಪೆಟ್ಟಿಗೆಯ ಮೇಲೆ ಬರೆದಿದ್ದರೂ ಓಡಿಸುವವರಿಗೆ ಪ್ರಯೋಜನವಿಲ್ಲ.

ಟ್ರಾನ್ಸ್‌ಮಿಟರ್ ಮೇಲೆ ದೂರು ಹೊರಿಸುವ ಮೊದಲು

ಟ್ರಿಗರ್ ಎಳೆದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ರಶ್ಡ್ ಮೋಟಾರಿನ ಕಿಡಿಯ ಗದ್ದಲವಿರಬಹುದು. ಮೋಟಾರಿನ ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಲೋಹದ ಕವಚಕ್ಕೆ ಒಂದೊಂದು, ಹೀಗೆ 0.1 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿ. ಅವುಗಳ ಮೇಲೆ 104 ಎಂದು ಬರೆದಿರುತ್ತದೆ. ಬೆಸುಗೆ ಹಿಡಿಯಲು ಕವಚವನ್ನು ಮೊದಲು ಉಜ್ಜುಕಾಗದದಿಂದ ಕೆರೆಯಿರಿ.

ಜೋರಾಗಿ ಸ್ಟೀರಿಂಗ್ ತಿರುಗಿಸಿದಾಗ ಕಾರು ಒಂದು ಕ್ಷಣ ಸತ್ತಂತಾದರೆ ಬಿಇಸಿ ಪರೀಕ್ಷಿಸಿ. ಕಾರು ನಿಂತಿರುವಾಗ ಮುಂದಿನ ಚಕ್ರಗಳನ್ನು ಕೈಯಿಂದ ತಡೆಹಿಡಿದು ವೀಲನ್ನು ಬೇಗಬೇಗ ಆಡಿಸಿ, ರಿಸೀವರಿನ ದೀಪ ನೋಡಿ. ದೀಪ ಮಂಕಾದರೆ ಅಥವಾ ಮಿನುಗಿದರೆ ಕರೆಂಟ್ ಸಾಲುತ್ತಿಲ್ಲ. ರಿಸೀವರಿನ ಖಾಲಿ ಚಾನೆಲ್‌ಗೆ 4700 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಕೆಪಾಸಿಟರ್ ಹಾಕಿದರೆ ಚಿಕ್ಕ ಕುಸಿತಗಳು ತುಂಬಿಕೊಳ್ಳುತ್ತವೆ, ಪ್ಲಸ್ ಮೈನಸ್ ತಪ್ಪಿದರೆ ಅದು ಒಡೆಯುತ್ತದೆ. ದೊಡ್ಡ ಸರ್ವೋಗೆ ಹೊರಗಿನ ಬಿಇಸಿಯೇ ಬೇಕು. ಆಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಪ್ಲಗ್ಗಿನಿಂದ ಹೊರತೆಗೆದು ಟೇಪ್ ಸುತ್ತಿ.

ಕೈಬಿಟ್ಟರೂ ಕಾರು ತೆವಳಿದರೆ ಥ್ರಾಟಲ್ ಟ್ರಿಮ್ ಅಲುಗಿದೆ, ಇಲ್ಲವೇ ಟ್ರಿಮ್ ಸೊನ್ನೆ ಮಾಡದೆ ಕ್ಯಾಲಿಬ್ರೇಷನ್ ಆಗಿದೆ. ಹಿಂದಕ್ಕೆ ಹೋಗುವುದೇ ಇಲ್ಲ ಎನಿಸಿದರೆ ಟ್ರಿಗರನ್ನು ಒಮ್ಮೆ ತಳ್ಳಿ, ನ್ಯೂಟ್ರಲ್‌ಗೆ ಬಿಟ್ಟು, ಮತ್ತೆ ತಳ್ಳಿ. ಬಹಳಷ್ಟು ಇಎಸ್‌ಸಿಗಳಲ್ಲಿ ಮೊದಲ ತಳ್ಳು ಬ್ರೇಕ್, ಎರಡನೆಯದು ರಿವರ್ಸ್.

ಎಲ್ಲವೂ ಸರಿಹೋದ ಮೇಲೆ ಮಾಡೆಲ್ ಮೆಮೊರಿಗೆ ಕಾರಿನ ಹೆಸರು ಕೊಡಿ. ಇಪಿಎ ಎಡ, ಇಪಿಎ ಬಲ, ಸಬ್‌ಟ್ರಿಮ್, ರಿವರ್ಸ್ ಮತ್ತು ಫೇಲ್‌ಸೇಫ್ ಹೊಂದಿಕೆಗಳನ್ನು ಚೀಟಿಯಲ್ಲಿ ಬರೆದು ಬ್ಯಾಟರಿ ಮುಚ್ಚಳದ ಒಳಬದಿಗೆ ಅಂಟಿಸಿ. ಎರಡನೇ ಕಾರಿನ ಮಾಡೆಲ್ ಆಯ್ಕೆ ಮಾಡಿಟ್ಟದ್ದು ಮರೆತು ಮೊದಲ ಕಾರಿನ ಸ್ವಿಚ್ ಹಾಕಿದರೆ ರಿವರ್ಸ್ ದಿಕ್ಕು ತಪ್ಪಿರಬಹುದು. ಆದ್ದರಿಂದ ನೆಲಕ್ಕಿಡುವ ಮೊದಲು ಪ್ರತಿಸಲ ಪರದೆಯ ಹೆಸರು ಓದಿ, ಕಾರು ಕೈಯಲ್ಲಿರುವಾಗಲೇ ಸ್ಟೀರಿಂಗ್ ಎಡ, ಬಲ, ಟ್ರಿಗರ್ ಸ್ವಲ್ಪ ಮುಂದೆ, ಬ್ರೇಕ್ ಎಂದು ನಾಲ್ಕೂ ನೋಡಿಕೊಳ್ಳಿ. ಕೆಲವು ವಾರ ಓಡಿಸುವುದಿಲ್ಲವೆಂದರೆ ಸೆಲ್‌ಗಳನ್ನು ಹೊರತೆಗೆದಿಡಿ, ಆಲ್ಕಲೈನ್ ಸೋರಿದರೆ ಮೊದಲು ತಿನ್ನುವುದು ಆ ಸ್ಪ್ರಿಂಗುಗಳನ್ನೇ.